'ಸೂಟೆಬಲ್' ಅಂದ್ರ ಎಷ್ಟ್ರಿ? ಆಕ್ಸಿಜನ್ ಪ್ಲಾಂಟಿನ ಪೇಟೆಂಟ್ ವಿವರಣೆ ಬರೆಯುವ ಬಗೆ

ಆಕ್ಸಿಜನ್ ಪ್ಲಾಂಟೊಂದಕ್ಕೆ ನಾನು ಬರೆದ ಮೊದಲ ಪೇಟೆಂಟ್ ಕರಡಿನಲ್ಲಿ 'ಸೂಟೆಬಲ್' ಅನ್ನುವ ಪದ 23 ಸಲ ಬಂದಿತ್ತು. ಸೂಟೆಬಲ್ ಒತ್ತಡ, ಸೂಟೆಬಲ್ ಹೊತ್ತು, ಸೂಟೆಬಲ್ ವಾಲ್ವ್, ಟವರಿನ ಮೇಲ್ತುದಿಗೆ ಒಂದು ಸೂಟೆಬಲ್ ಮೆತ್ತೆ. ಎಣಿಸಿದವಳು ನಾನಲ್ಲ. ಪೀಣ್ಯದ ಗ್ಯಾಸ್ ಪ್ಲಾಂಟ್ ವರ್ಕ್‌ಶಾಪಿನಲ್ಲಿ ನನ್ನ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದ ಹುಬ್ಬಳ್ಳಿ ಕಡೆಯ ಫಿಟ್ಟರ್ ಒಬ್ಬರು ಎಣಿಸಿದರು. ಕರಡನ್ನು ಅವರ ಕೈಗೆ ಕೊಟ್ಟು, "ಅಣ್ಣಾ, ಇದನ್ನ ನೋಡ್ಕೊಂಡು ನೀವು ಒಂದು ಪ್ಲಾಂಟ್ ಕಟ್ಟಬಹುದಾ ಹೇಳಿ" ಅಂದಿದ್ದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. "ಅಕ್ಕಾರ, ಸೂಟೆಬಲ್ ಅಂದ್ರ ಎಷ್ಟ್ರಿ?"

ನಾನು ಆ ವರ್ಕ್‌ಶಾಪ್ ಬಿಟ್ಟು ಪೇಟೆಂಟ್ ಏಜೆಂಟ್ ಪರೀಕ್ಷೆ ಪಾಸಾಗಿ ಇದೇ ಕಸುಬಿಗೆ ನಿಂತು ಬಹಳ ಕಾಲವಾಯಿತು. ಆದರೂ ಆ ಪ್ರಶ್ನೆಗಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಚಿಕ್ಕ ವರ್ಕ್‌ಶಾಪ್ ಇಟ್ಟುಕೊಂಡು, ತಲೆ ಓಡಿಸಿ ಏನೋ ಒಂದು ಹೊಸದು ಮಾಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಐಡಿಯಾ ಹೊಸದೋ ಅಲ್ಲವೋ ಎಂಬುದು ಬೇರೆ ಮಾತು. ಅದನ್ನು ಓದಿದವರು ಮಾಡಿ ನೋಡುವ ಹಾಗೆ ಬರೆದಿದ್ದೀರಾ ಎಂಬುದಷ್ಟೇ ಇಲ್ಲಿಯ ವಿಷಯ.

ಕಾನೂನು ಕೇಳುವುದು ಇಷ್ಟು. 1970ರ ಪೇಟೆಂಟ್ ಕಾಯ್ದೆಯ 10(4)ನೇ ಕಲಂ ಪ್ರಕಾರ ಪೂರ್ಣ ಸ್ಪೆಸಿಫಿಕೇಶನ್ನಿನಲ್ಲಿ, ಅಂದರೆ ಅರ್ಜಿಯ ಜೊತೆ ಕೊಡುವ ವಿವರಣೆಯ ಕಾಗದದಲ್ಲಿ, ಆವಿಷ್ಕಾರವನ್ನು, ಅದು ನಡೆಯುವ ರೀತಿಯನ್ನು, ಮಾಡುವ ವಿಧಾನವನ್ನು ಪೂರ್ತಿಯಾಗಿ ಹೇಳಬೇಕು. ಜೊತೆಗೆ ನಿಮಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನೂ ಬಿಚ್ಚಿಡಬೇಕು. ಬಿಚ್ಚಿಡದಿದ್ದರೆ ಏನಾಗುತ್ತದೆ ಅನ್ನುವುದು 64ನೇ ಕಲಮಿನಲ್ಲಿದೆ: ಪೇಟೆಂಟ್ ಕೈಗೆ ಬಂದ ಮೇಲೂ ರದ್ದಾಗಬಹುದು. ಅಲ್ಲಿ ಅಳತೆಗೋಲಾಗಿ ಒಬ್ಬ ಮನುಷ್ಯನನ್ನು ನಿಲ್ಲಿಸಿದ್ದಾರೆ. ಭಾರತದಲ್ಲಿರುವ, ಆ ಕಸುಬಿನಲ್ಲಿ ಸಾಧಾರಣ ಕೈಚಳಕ, ಸಾಧಾರಣ ತಿಳಿವಳಿಕೆ ಇರುವ ವ್ಯಕ್ತಿ. ಅವನು ನಿಮ್ಮ ಕಾಗದ ಒಂದನ್ನೇ ಇಟ್ಟುಕೊಂಡು ಕೆಲಸ ಮಾಡಿ ಮುಗಿಸಲು ಆಗಬೇಕು. ಜರ್ಮನಿಯ ಪ್ರೊಫೆಸರ್ ಅಲ್ಲ, ಭಾರತದ ಸಾಧಾರಣ ಕಸುಬುದಾರ. ನನ್ನ ಕಣ್ಣಿಗೆ ಕಾಣುವುದು ಆ ಫಿಟ್ಟರಣ್ಣನೇ.

ಈ 'ಸೂಟೆಬಲ್' ಎಲ್ಲಿಂದ ನುಸುಳುತ್ತದೆ ಅನ್ನುವುದನ್ನು ಮೊದಲು ನೋಡಿ. ಸ್ಪೆಸಿಫಿಕೇಶನ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು, ಕನ್ನಡದಲ್ಲಿ ಕೊಡಲು ಬರುವುದಿಲ್ಲ. ಆ ಪ್ಲಾಂಟ್ ರೂಪಿಸಿದ ವರ್ಕ್‌ಶಾಪಿನ ಯಜಮಾನರು ನನಗೆ ಹೇಳುವಾಗ "ಎರಡೂವರೆ ಸೆಕೆಂಡ್ ಬಿಟ್ಟು ದೊಡ್ಡ ವಾಲ್ವ್ ತೆಗೀತೀನಿ ಮೇಡಂ" ಅನ್ನುತ್ತಾರೆ. ಅದು ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ಎರಡೂವರೆ ಸೆಕೆಂಡ್ ಕಳೆದುಹೋಗಿ 'ಸೂಟೆಬಲ್ ಪೀರಿಯಡ್' ಆಗಿಬಿಡುತ್ತದೆ. ನಾವು ಏಜೆಂಟರು ಬೇಕೆಂದೇ ಹೀಗೆ ಮಾಡುವುದೂ ಉಂಟು, ಹಕ್ಕು ಅಗಲವಾಗಲಿ ಅಂತ. ಅಗಲ ಬೇಕಾದದ್ದು ಕ್ಲೇಮಿನಲ್ಲಿ, ಅಂದರೆ ಇಷ್ಟು ನಮ್ಮದು ಅಂತ ಹಕ್ಕು ಕೇಳುವ ಸಾಲುಗಳಲ್ಲಿ, ಅದಕ್ಕೂ ಆಧಾರ ವಿವರಣೆಯಲ್ಲಿ ಇರಬೇಕು. ಹಾಗಾಗಿ ಈಗ ನಾನು ಮೊದಲು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಪ್ಲಾಂಟ್ ಓಡುತ್ತಿರುವಾಗ, ಅದರ ಪಕ್ಕದಲ್ಲೇ ನಿಂತು, ಕನ್ನಡದಲ್ಲೇ. ಗ್ಯಾಸ್ ಹೊರಬಿಡುವ ಸೈಲೆನ್ಸರ್ ಬುಸ್ ಅಂದಾಗ ಮಾತು ಕೇಳಿಸುವುದಿಲ್ಲ, ಚಿಂತೆಯಿಲ್ಲ. ಆ ಬುಸ್ ಎಷ್ಟು ಸೆಕೆಂಡಿಗೊಮ್ಮೆ ಬಂತು ಅನ್ನುವುದೂ ರೆಕಾರ್ಡಾಗಿರುತ್ತದೆ.

ಎಲ್ಲವನ್ನೂ ಮೊದಲಿಂದ ಹೇಳಬೇಕಿಲ್ಲ. ಜಿಯೋಲೈಟ್, ಅಂದರೆ ಗ್ಯಾಸ್ ಹಿಡಿದುಕೊಳ್ಳುವ ಸೂಕ್ಷ್ಮ ರಂಧ್ರಗಳ ಖನಿಜದ ಕಾಳು, ತುಂಬಿದ ಎರಡು ಟವರಿಗೆ ಸರದಿಯ ಮೇಲೆ ಗಾಳಿ ಕೊಟ್ಟು, ಒಂದರಲ್ಲಿ ನೈಟ್ರೋಜನ್ ಹಿಡಿಸುತ್ತ ಇನ್ನೊಂದನ್ನು ಖಾಲಿ ಮಾಡುವ ಪಿಎಸ್ಎ (ಒತ್ತಡ ಏರಿಳಿಸಿ ಗ್ಯಾಸ್ ಬೇರ್ಪಡಿಸುವ) ಚಕ್ರಕ್ಕೆ ಚಾರ್ಲ್ಸ್ ಸ್ಕಾರ್‌ಸ್ಟ್ರಾಮ್ ಅವರಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1960ರಲ್ಲಿ. ಅದಕ್ಕೂ ಒಂದು ವರ್ಷ ಮುಂಚೆ, 1959ರಲ್ಲಿ, ಯೂನಿಯನ್ ಕಾರ್ಬೈಡಿನ ಮಿಲ್ಟನ್ ಅವರಿಗೆ ಜಿಯೋಲೈಟ್ ಎಕ್ಸ್ ಮೇಲೆ ಸಿಕ್ಕಿತ್ತು. ಇದೆಲ್ಲ ಈಗ ಕಸುಬಿನವರ ಸಾಮಾನ್ಯ ಜ್ಞಾನ, ಅರ್ಧ ಪುಟ ಸಾಕು. 2021ರ ಏಪ್ರಿಲಿನಲ್ಲಿ ಐಐಟಿ ಬಾಂಬೆಯವರು ನೈಟ್ರೋಜನ್ ಪ್ಲಾಂಟಿನ ಕಾರ್ಬನ್ ಸೀವ್ (ಗ್ಯಾಸ್ ಬೇರ್ಪಡಿಸುವ ಕಾರ್ಬನ್ ಕಾಳು) ತೆಗೆದು ಜಿಯೋಲೈಟ್ ತುಂಬಿ ಆಕ್ಸಿಜನ್ ತೆಗೆದದ್ದು ಪತ್ರಿಕೆಗಳಲ್ಲೆಲ್ಲ ಬಂತು. ಆದ್ದರಿಂದ ಸೀವ್ ಬದಲಿಸಬಹುದು ಅನ್ನುವುದನ್ನೂ ವಿಸ್ತರಿಸಿ ಹೇಳಬೇಕಿಲ್ಲ. ನಿಮ್ಮದು ಎಲ್ಲಿ ಬೇರೆಯಾಗುತ್ತದೋ ಅಲ್ಲಿಂದ ಪೆನ್ನು ನಿಧಾನ ಮಾಡಿ.

ನಾನು ಹೇಳುತ್ತಿರುವ ಯಜಮಾನರದ್ದು ಬೇರೆಯಾದದ್ದು ಒಂದೇ ಜಾಗದಲ್ಲಿ. ಒಂದು ಟವರಿನ ಒತ್ತಡವನ್ನು ಇನ್ನೊಂದಕ್ಕೆ ಹಂಚುವ ಹೊತ್ತಿಗೆ, ಅಂದರೆ ಈಕ್ವಲೈಸೇಶನ್ನಿನಲ್ಲಿ, ವಾಲ್ವ್ ಪಟ್ಟನೆ ತೆರೆದರೆ ಒಳಗಿನ ಕಾಳು ಎದ್ದು ಕುಣಿಯುತ್ತದೆ. ಕುಣಿದ ಕಾಳು ಒಂದಕ್ಕೊಂದು ಉಜ್ಜಿ ಹಿಟ್ಟಾಗುತ್ತದೆ, ಸೈಲೆನ್ಸರಿನಿಂದ ಬಿಳಿ ಧೂಳು ಬರುತ್ತದೆ, ಪ್ಯೂರಿಟಿ ಇಳಿಯುತ್ತದೆ. ಇವರು ಚಿಕ್ಕ ವಾಲ್ವ್ ಒಂದನ್ನು ಮೊದಲು ತೆರೆದು, ಆಮೇಲೆ ದೊಡ್ಡದನ್ನು ತೆರೆಯುವ ಲೆಕ್ಕ ಕಂಡುಕೊಂಡಿದ್ದರು. ಇಡೀ ಸ್ಪೆಸಿಫಿಕೇಶನ್ ನಿಲ್ಲಬೇಕಾದದ್ದು ಆ ಲೆಕ್ಕದ ಮೇಲೆ. ನನ್ನ ಮೊದಲ ಕರಡಿನಲ್ಲಿ ಕಂಪ್ರೆಸರ್ ಬಗ್ಗೆ ನಾಲ್ಕು ಪುಟವಿತ್ತು, ಆ ವಾಲ್ವ್ ಬಗ್ಗೆ ಆರು ಸಾಲು.

ಬರೆಯುವ ಮುಂಚೆ ಚಿತ್ರ ಹಾಕಿ. ಎ4 ಹಾಳೆಯಲ್ಲಿ ಗಾಳಿ ಒಳಬರುವ ಕಡೆಯಿಂದ ಆಕ್ಸಿಜನ್ ಹೊರಹೋಗುವ ತನಕ ಸಾಗುವ ಲೈನ್ ಡಯಾಗ್ರಾಂ. ಪ್ರತಿ ಭಾಗಕ್ಕೂ ಒಂದು ಅಂಕಿ, ಅದೇ ಅಂಕಿ ವಿವರಣೆಯಲ್ಲೂ ಕ್ಲೇಮಿನಲ್ಲೂ. ಫ್ಲೋ ಡಯಾಗ್ರಾಂ ಬಿಟ್ಟರೆ ಚಿತ್ರದ ಮೇಲೆ ವಿವರಣೆಯ ಮಾತು ಬರೆಯಲು ನಿಯಮ ಬಿಡುವುದಿಲ್ಲ. ಚಿತ್ರದಲ್ಲಿ ಇದ್ದು ಮಾತಿನಲ್ಲಿ ಇಲ್ಲದ ಭಾಗ ಒಂದಾದರೂ ಸಿಕ್ಕೇ ಸಿಗುತ್ತದೆ. ನಮಗೆ ಸಿಕ್ಕಿದ್ದು ಪರ್ಜ್ ಲೈನಿನ, ಅಂದರೆ ಟವರ್ ತೊಳೆಯಲು ಗ್ಯಾಸ್ ಹಾಯಿಸುವ ಪೈಪಿನ, ಒರಿಫಿಸ್ ಪ್ಲೇಟು (ಹರಿವು ಮಿತಿಗೊಳಿಸುವ ತೂತಿನ ತಟ್ಟೆ). ಎಷ್ಟು ಮಿಲಿಮೀಟರ್ ತೂತು ಅಂತ ಕೇಳಿದರೆ ಯಜಮಾನರಿಗೂ ನೆನಪಿಲ್ಲ, ಬಿಚ್ಚಿ ಅಳೆಯಬೇಕಾಯಿತು.

ಟವರಿನ ವಿಷಯಕ್ಕೆ ಬನ್ನಿ. 'ಜಿಯೋಲೈಟ್ ತುಂಬಿದ ಪಾತ್ರೆ' ಅಂದರೆ ಸಾಲದು. ನಾನು ಈಗ ಬರೆಯುವ ಧಾಟಿ ಹೀಗಿರುತ್ತದೆ, ಅಂಕಿಗಳು ಬರೀ ಮಾದರಿಗೆ: ಒಳವ್ಯಾಸ 400 ಮಿಲಿಮೀಟರ್, ಕೆಳಗಡೆ 150 ಮಿಲಿಮೀಟರ್ ಎತ್ತರ ಆಕ್ಟಿವೇಟೆಡ್ ಅಲ್ಯೂಮಿನಾ, ಅದರ ಮೇಲೆ 1,450 ಮಿಲಿಮೀಟರ್ ಎತ್ತರ 13ಎಕ್ಸ್ ಜಿಯೋಲೈಟ್, ಕಾಳಿನ ಗಾತ್ರ 1.6ರಿಂದ 2.5 ಮಿಲಿಮೀಟರ್, ಒಂದು ಟವರಿಗೆ ಸುಮಾರು 118 ಕೆಜಿ. ತೂಕವನ್ನೂ ಎತ್ತರವನ್ನೂ ಎರಡನ್ನೂ ಕೊಡುವುದಕ್ಕೆ ಕಾರಣವಿದೆ. ಅವೆರಡರಿಂದ ಕಾಳು ಎಷ್ಟು ಬಿಗಿಯಾಗಿ ಕೂತಿದೆ ಅನ್ನುವುದನ್ನು ಓದುವವರು ಲೆಕ್ಕ ಹಾಕಿಕೊಳ್ಳಬಹುದು. ಅಲ್ಯೂಮಿನಾ ಏಕೆ ಅನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿ: ಗಾಳಿಯ ತೇವವನ್ನು ಮೊದಲೇ ಹೀರಿಕೊಳ್ಳಲು. 13ಎಕ್ಸ್‌ಗೆ ನೈಟ್ರೋಜನ್‌ಗಿಂತ ನೀರಿನ ಮೇಲೆ ಪ್ರೀತಿ ಜಾಸ್ತಿ. ಒಮ್ಮೆ ತೇವ ಕುಡಿದರೆ ಮಾಮೂಲಿ ಚಕ್ರದಲ್ಲಿ ಬಿಟ್ಟುಕೊಡುವುದಿಲ್ಲ. ಏಕೆ ಅಂತ ಗೊತ್ತಿದ್ದವನು ಬೇರೆ ಗಾತ್ರದ ಟವರಿಗೂ ಸರಿಹೊಂದಿಸಿಕೊಳ್ಳುತ್ತಾನೆ. ಹಾಗೆ ಸರಿಹೊಂದಿಸಿಕೊಳ್ಳಲು ಆಗುವಂತಿದ್ದರೆ ಮಾತ್ರ ನಿಮ್ಮ ಕ್ಲೇಮ್ ಬೇರೆ ಗಾತ್ರಗಳಿಗೂ ಹರಡಬಹುದು.

ಆ ಮೆತ್ತೆಯ ಕತೆ ಹೇಳದೆ ಮುಂದೆ ಹೋಗಲಾರೆ. ಕಾಳು ಅಲುಗಾಡದಂತೆ ಟವರಿನ ಮುಚ್ಚಳದ ಕೆಳಗೆ ಒಂದು ಒತ್ತುಮೆತ್ತೆ ಇಡುತ್ತಾರೆ. ನಾನು 'ಸೂಟೆಬಲ್ ಪ್ಯಾಡ್' ಅಂತ ಬರೆದಿದ್ದೆ. ಫಿಟ್ಟರಣ್ಣ ಕೇಳಿದರು, "ನಾರಿನ ಚಾಪಿ ಹಾಕ್ಲೇನ್ರಿ?" ನಾವು ನೈಟ್ರೋಜನ್ ಟವರುಗಳಿಗೆ ಹಾಕುತ್ತಿದ್ದದ್ದು ತೆಂಗಿನ ನಾರಿನ ಚಾಪೆಯನ್ನೇ. ಅಲ್ಲಿ ಏನೂ ತೊಂದರೆಯಿಲ್ಲ. ಆದರೆ ಆಕ್ಸಿಜನ್ ಟವರಿನ ಮೇಲ್ತುದಿಯಲ್ಲಿ ಒತ್ತಡದ ಕೆಳಗೆ ಶೇ 90ಕ್ಕಿಂತ ಹೆಚ್ಚು ಆಕ್ಸಿಜನ್ ಇರುತ್ತದೆ. ಅಲ್ಲಿ ಒಣ ನಾರು ಇಡುವುದೆಂದರೆ ಬೆಂಕಿಕಡ್ಡಿ ಗೀರಲು ಜಾಗ ಮಾಡಿಕೊಟ್ಟಂತೆ. ನನ್ನ ಎದೆ ಧಸಕ್ಕೆಂದಿತು. ಅವರು ಅನುಭವಸ್ಥರು, ಕೇಳಿದರು. ಕೇಳದೆ ಹಾಕಿಬಿಡುವವರೂ ಇದ್ದಾರಲ್ಲ. ಈಗ ಆ ಜಾಗದಲ್ಲಿ ಏನಿದೆ, ಯಾವ ಲೋಹದ ಜಾಲರಿ, ಎಷ್ಟು ಸ್ಪ್ರಿಂಗು, ಎಷ್ಟು ಒತ್ತು ಅನ್ನುವುದನ್ನು ಬರೆದು, 'ಸಾವಯವ ವಸ್ತು ಬಳಸಬಾರದು, ಆಕ್ಸಿಜನ್ ತಾಗುವ ಪೈಪು, ಫಿಟಿಂಗುಗಳಲ್ಲಿ ಎಣ್ಣೆ ಗ್ರೀಸು ಉಳಿಯದಂತೆ ತೊಳೆದಿರಬೇಕು' ಅಂತಲೂ ಸೇರಿಸುತ್ತೇನೆ.

ಅಳತೆಯ ಮಾನದಲ್ಲಿ ಎಡವುವವರೇ ಹೆಚ್ಚು. ನಮ್ಮ ಕಡೆ ಗೇಜ್ ನೋಡಿ "ಐದು ಕೆಜಿ" ಅನ್ನುತ್ತೇವೆ, ಅಂದರೆ ಚದರ ಸೆಂಟಿಮೀಟರಿಗೆ ಐದು ಕೆಜಿ ಒತ್ತಡ. ಕಾಗದದಲ್ಲಿ ಅದು ಗೇಜ್ ಒತ್ತಡವೋ, ಸುತ್ತಲಿನ ಗಾಳಿಯ ಒತ್ತಡವೂ ಸೇರಿದ ಪೂರ್ಣ ಒತ್ತಡವೋ ಬರೆಯದಿದ್ದರೆ ಹೆಚ್ಚುಕಡಿಮೆ ಒಂದು ಬಾರ್ ವ್ಯತ್ಯಾಸ. ವ್ಯಾಕ್ಯೂಮ್ ಎಳೆಯುವ ವಿಪಿಎಸ್ಎ ಆದರೆ ಅಷ್ಟು ವ್ಯತ್ಯಾಸಕ್ಕೆ ಪ್ಲಾಂಟೇ ಬೇರೆಯಾಗಿಬಿಡುತ್ತದೆ. ಹರಿವಿನ ವಿಷಯವೂ ಹಾಗೆ. ಕೋವಿಡ್ ಕಾಲದಲ್ಲಿ ತೇಜಸ್ ವಿಮಾನದ ಆಕ್ಸಿಜನ್ ವ್ಯವಸ್ಥೆಯ ತಂತ್ರದಿಂದ ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯ ಡೆಬೆಲ್ ರೂಪಿಸಿದ ಪ್ಲಾಂಟುಗಳು ಆಸ್ಪತ್ರೆಗಳಿಗೆ ಬಂದವು. ಆಗ ಎಲ್ಲರ ಬಾಯಲ್ಲೂ "ಸಾವಿರ ಎಲ್‌ಪಿಎಂ" ಅನ್ನುವ ಮಾತು. ನಿಮಿಷಕ್ಕೆ 1,000 ಲೀಟರ್, ಗಂಟೆಗೆ 60 ಘನ ಮೀಟರ್. ಯಾವ ತಾಪಮಾನದಲ್ಲಿ? 0 ಡಿಗ್ರಿಯಲ್ಲಿ ಅಳೆದದ್ದಕ್ಕೂ 25 ಡಿಗ್ರಿಯಲ್ಲಿ ಅಳೆದದ್ದಕ್ಕೂ ಶೇ 9ರಷ್ಟು ಅಂತರ. ಪೇಟೆಂಟಿನಲ್ಲಿ 'ನನ್ನದರಿಂದ ಶೇ 7ರಷ್ಟು ಹೆಚ್ಚು ಬರುತ್ತದೆ' ಅನ್ನುವವರು ಈ ಒಂದು ಸಾಲು ಬಿಟ್ಟರೆ ಆ ಶೇ 7ಕ್ಕೆ ಅರ್ಥವೇ ಉಳಿಯುವುದಿಲ್ಲ.

ಊರನ್ನೂ ಬರೆಯಿರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ 10 ಕಡಿಮೆ. ಅದೇ ಕಂಪ್ರೆಸರ್ ಅಲ್ಲಿ ಹೆಚ್ಚು ಗಾಳಿ ನುಂಗುತ್ತದೆ, ಜೊತೆಗೆ ಮಳೆಗಾಲದ ತೇವವನ್ನೂ ನುಂಗುತ್ತದೆ. ಪರೀಕ್ಷೆ ನಡೆಸಿದ ಜಾಗದ ಎತ್ತರ, ಒಳಗಾಳಿಯ ತಾಪಮಾನ, ಡ್ರೈಯರಿನಿಂದ ಹೊರಬಂದ ಗಾಳಿಯ ಡ್ಯೂ ಪಾಯಿಂಟ್ (ತೇವ ನೀರಾಗತೊಡಗುವ ತಾಪಮಾನ), ಈ ಮೂರು ಅಂಕಿ ಹಾಕಿದರೆ ಮಂಗಳೂರಿನವನು ತನ್ನ ಪ್ಲಾಂಟನ್ನು ತಾನೇ ಹೊಂದಿಸಿಕೊಳ್ಳುತ್ತಾನೆ.

ಈಗ ಚಕ್ರದ ಪಟ್ಟಿ. ಹೆಚ್ಚು ಹೊತ್ತು ಕೂರಬೇಕಾದದ್ದು ಇಲ್ಲಿ. ಎಡಗಡೆ ಹಂತಗಳು, ಮೇಲ್ಗಡೆ ವಾಲ್ವುಗಳ ಅಂಕಿ, ಪ್ರತಿ ಚೌಕದಲ್ಲಿ ತೆರೆದಿದೆಯೋ ಮುಚ್ಚಿದೆಯೋ, ಕೊನೆಯಲ್ಲಿ ಸೆಕೆಂಡು ಮತ್ತು ಹಂತದ ಕೊನೆಗೆ ಎರಡೂ ಟವರಿನ ಒತ್ತಡ. ವಾಲ್ವುಗಳಿಗೆ ಆಜ್ಞೆ ಕೊಡುವ ಕಂಟ್ರೋಲರ್, ಅಂದರೆ ಪಿಎಲ್‌ಸಿಯಿಂದ ಪ್ರಿಂಟ್ ತೆಗೆದರೆ ಅರ್ಧ ಕೆಲಸ ಆಯಿತು ಅಂದುಕೊಳ್ಳಬೇಡಿ. ಪಿಎಲ್‌ಸಿ ಹೇಳುವುದು ಆಜ್ಞೆ ಕೊಟ್ಟ ಹೊತ್ತನ್ನು. ವಾಲ್ವ್ ಪೂರ್ತಿ ತೆರೆಯಲು ಅದರದೇ ಹೊತ್ತು ಹಿಡಿಯುತ್ತದೆ. ಇಡೀ ಆವಿಷ್ಕಾರವೇ ಎರಡೂವರೆ ಸೆಕೆಂಡಿನ ಮೇಲೆ ನಿಂತಿರುವಾಗ ವಾಲ್ವಿನ ಅರ್ಧ ಸೆಕೆಂಡ್ ಸೋಮಾರಿತನ ಸಣ್ಣದಲ್ಲ. ಅದಕ್ಕೇ ಸೆಕೆಂಡಿನ ಜೊತೆ ಒತ್ತಡವನ್ನೂ ಬರೆಯಿಸಿದೆ: 'ಎರಡು ಟವರಿನ ಒತ್ತಡದ ಅಂತರ ಇಷ್ಟಕ್ಕೆ ಇಳಿದ ಮೇಲೆ ದೊಡ್ಡ ವಾಲ್ವ್ ತೆರೆಯುವುದು.' ಹೊತ್ತು ಪ್ಲಾಂಟಿನಿಂದ ಪ್ಲಾಂಟಿಗೆ ಬದಲಾಗುತ್ತದೆ. ಒತ್ತಡದ ಅಂತರ ಹಿಡಿದುಕೊಂಡರೆ ಯಾರು ಬೇಕಾದರೂ ಮಾಡಬಹುದು.

ಯಜಮಾನರಿಗೆ ನೋವಾದದ್ದು ಇಲ್ಲೇ. "ಆ ಅಂಕಿ ನನ್ನ ಅನ್ನ ಮೇಡಂ. ಎರಡರಿಂದ ಹತ್ತು ಸೆಕೆಂಡ್ ಅಂತ ಹಾಕಿ, ಸರಿಯಾದ್ದು ನನ್ನ ಹತ್ರ ಇರಲಿ."

"ಸಾರ್, ಹಾಗಾದ್ರೆ ಪೇಟೆಂಟ್ ಬೇಡ. ಪಿಎಲ್‌ಸಿಗೆ ಪಾಸ್‌ವರ್ಡ್ ಹಾಕಿ ಗುಟ್ಟಾಗೇ ಇಟ್ಕೊಳ್ಳಿ. ಅದೂ ಒಂದು ದಾರಿ."

ಅವರು ಮೂರು ವಾರ ಫೋನ್ ಎತ್ತಲಿಲ್ಲ. ನಾನು ಹೇಳಿದ್ದು ಮುನಿಸಿನ ಮಾತಲ್ಲ, ನಿಜವಾಗಿಯೂ ಅದೊಂದು ದಾರಿ. ಪೇಟೆಂಟ್ ಅಂದರೆ ಕೊಡು-ಕೊಳ್ಳು. ನೀವು ಗುಟ್ಟು ಬಿಟ್ಟುಕೊಡುತ್ತೀರಿ, ಸರ್ಕಾರ 20 ವರ್ಷದ ಹಕ್ಕು ಕೊಡುತ್ತದೆ. ಗುಟ್ಟನ್ನೂ ಇಟ್ಟುಕೊಂಡು ಹಕ್ಕನ್ನೂ ಪಡೆಯುತ್ತೇನೆ ಅಂದರೆ ನಮ್ಮ ಕಾಯ್ದೆಯಲ್ಲಿ ಅದು ರದ್ದತಿಗೆ ನೇರ ಕಾರಣ. ಅಮೆರಿಕದಲ್ಲಿ 2011ರ ತಿದ್ದುಪಡಿಯ ನಂತರ ಅತ್ಯುತ್ತಮ ವಿಧಾನ ಮುಚ್ಚಿಟ್ಟಿರಿ ಎಂಬ ಒಂದೇ ಕಾರಣಕ್ಕೆ ಪೇಟೆಂಟ್ ಬೀಳುವುದಿಲ್ಲ. ಅಲ್ಲಿಯ ಸಲಹೆ ಓದಿಕೊಂಡು ಬಂದು ನನ್ನ ಜೊತೆ ವಾದ ಮಾಡುವವರಿದ್ದಾರೆ. ಇಲ್ಲಿ ಫೈಲ್ ಮಾಡುವುದಾದರೆ ಇಲ್ಲಿಯ ಕಾಯ್ದೆ.

ಫಲಿತಾಂಶ ಬರೆಯುವಾಗ ಆಸೆ ಹಿಡಿತದಲ್ಲಿರಲಿ. ಗಾಳಿಯಲ್ಲಿ ಶೇ 20.95 ಆಕ್ಸಿಜನ್, ಶೇ 0.93 ಆರ್ಗಾನ್. 13ಎಕ್ಸ್ ಈ ಎರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ನೈಟ್ರೋಜನ್ ಅಷ್ಟನ್ನೂ ತೆಗೆದರೂ ಉಳಿಯುವ ಮಿಶ್ರಣದಲ್ಲಿ ಆಕ್ಸಿಜನ್ ಶೇ 95.7ರ ಹತ್ತಿರ ನಿಲ್ಲುತ್ತದೆ. ಮಾಮೂಲಿ ಪಿಎಸ್ಎ ಇಟ್ಟುಕೊಂಡು 'ಶೇ 99 ಶುದ್ಧತೆ' ಅಂತ ಬರೆದರೆ, ಆರ್ಗಾನ್ ಎಲ್ಲಿ ಹೋಯಿತು ಅನ್ನುವುದಕ್ಕೂ ಉತ್ತರ ಬರೆದಿರಬೇಕು. ಅದರ ಬದಲು ಒಂದು ಹೋಲಿಕೆ ಕೊಡಿ. ಅದೇ ಟವರು, ಅದೇ ಕಾಳು, ಅದೇ ಗಾಳಿ. ಒಮ್ಮೆ ಒಂದೇ ವಾಲ್ವಿನಲ್ಲಿ, ಇನ್ನೊಮ್ಮೆ ನಿಮ್ಮ ಎರಡು ಹಂತದಲ್ಲಿ. ಇಂತಿಷ್ಟು ಗಂಟೆ ಓಡಿಸಿ ಫಿಲ್ಟರಿನಲ್ಲಿ ಸಿಕ್ಕ ಧೂಳು ಎಷ್ಟು ಗ್ರಾಂ. ನಮ್ಮ ಯಜಮಾನರು ಧೂಳು ತೂಗಿರಲೇ ಇಲ್ಲ. "ಕಣ್ಣಿಗೇ ಕಾಣುತ್ತಲ್ಲ ಮೇಡಂ" ಅಂದರು. ಕೊನೆಗೆ ಪಕ್ಕದ ಬೀದಿಯ ಚಿನ್ನದಂಗಡಿಯ ತಕ್ಕಡಿ ಬೇಡಿ ತಂದೆವು. ಈ ಹೋಲಿಕೆ ಇನ್ನೊಂದು ಕಡೆಯೂ ಕೈಹಿಡಿಯುತ್ತದೆ: ಗೊತ್ತಿರುವ ಸಲಕರಣೆಗಳ ಬರೀ ಜೋಡಣೆ ಅಂತ 3(ಎಫ್) ಕಲಮಿನಡಿ ಆಕ್ಷೇಪ ಬಂದರೆ, ಎರಡು ವಾಲ್ವ್ ಒಟ್ಟಿಗೆ ಸೇರಿ ಮಾಡುವ ಕೆಲಸವನ್ನು ತೋರಿಸಲು ಬೇರೆ ಸಾಕ್ಷಿ ಹುಡುಕಬೇಕಿಲ್ಲ.

ಕ್ಲೇಮ್ ಎಷ್ಟು ಅಗಲ ಇರಬಹುದು? ಎಷ್ಟು ಕಲಿಸಿದ್ದೀರೋ ಅಷ್ಟು. 1895ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಲ್ಬಿನ ತಂತುವಿನ ವ್ಯಾಜ್ಯ ಬಂತು. ಸಾಯರ್ ಮತ್ತು ಮ್ಯಾನ್ ಇಬ್ಬರೂ ಕಾಗದ ಸುಟ್ಟು ತಂತು ಮಾಡಿ, 'ನಾರಿನ ವಸ್ತು ಯಾವುದಾದರೂ ಸರಿ, ಎಲ್ಲ ನಮ್ಮದೇ' ಎಂದು ಹಕ್ಕು ಬರೆಸಿಕೊಂಡಿದ್ದರು. ಎಡಿಸನ್ ಆರು ಸಾವಿರಕ್ಕೂ ಹೆಚ್ಚು ಸಸ್ಯಗಳ ನಾರು ನೋಡಿ, ಬಿದಿರೂ ಸೇರಿ ಕೆಲವೇ ಕೆಲವು ಸರಿಹೋಗುತ್ತವೆ ಅಂತ ಕಂಡುಕೊಂಡಿದ್ದರು. ಉಳಿದದ್ದನ್ನು ಕಲಿಸದೆ ಹಕ್ಕು ಕೇಳಿದವರ ಆ ಕ್ಲೇಮ್ ಬಿತ್ತು. 2023ರಲ್ಲಿ ಆಮ್‌ಜೆನ್ ಮತ್ತು ಸನೋಫಿ ಔಷಧ ಕಂಪನಿಗಳ ವ್ಯಾಜ್ಯದಲ್ಲಿ ಅದೇ ಕೋರ್ಟು ಆ ಹಳೆಯ ತೀರ್ಪನ್ನೇ ಮತ್ತೆ ಎತ್ತಿ ಹಿಡಿಯಿತು. ಆಕ್ಸಿಜನ್ ಲೋಕದಿಂದಲೇ ಒಂದು ಒಳ್ಳೆಯ ಮಾದರಿಯೂ ಇದೆ. 1989ರಲ್ಲಿ ಚಾವೋ ಅವರಿಗೆ ಸಿಕ್ಕ ಲಿಥಿಯಂ ಜಿಯೋಲೈಟಿನ ಅಮೆರಿಕ ಪೇಟೆಂಟ್. 'ಲಿಥಿಯಂ ಬೆರೆತ ಜಿಯೋಲೈಟ್' ಅಂತ ಸುಮ್ಮನೆ ಬಿಡದೆ, ಜಿಯೋಲೈಟಿನಲ್ಲಿ ಲೋಹದ ಅಯಾನು ಕೂರುವ ಜಾಗಗಳಲ್ಲಿ ಕನಿಷ್ಠ ಶೇ 88ರಲ್ಲಿ ಲಿಥಿಯಂ ಇರಬೇಕು ಅಂತ ಗೆರೆ ಎಳೆದಿದ್ದಾರೆ. ನೀವೂ ನಿಮ್ಮ ಗೆರೆಯ ಈಚೆ ಒಂದು, ಆಚೆ ಒಂದು, ನಡುವೆ ಒಂದು ಪ್ರಯೋಗ ಮಾಡಿ ಅಂಕಿ ಹಾಕಿ. ಆಚೆಯದು ಸೋತಿದ್ದರೆ ಸೋತಿತು ಅಂತಲೇ ಬರೆಯಿರಿ. ಸೋತ ಪ್ರಯೋಗ ಗೆರೆ ಏಕೆ ಅಲ್ಲಿದೆ ಅನ್ನುವುದಕ್ಕೆ ಸಾಕ್ಷಿ.

ನಿಮ್ಮದು ಗಾಳಿಯನ್ನು ದ್ರವ ಮಾಡಿ ಬೇರ್ಪಡಿಸುವ ದೊಡ್ಡ ಪ್ಲಾಂಟಾದರೆ ಸೆಕೆಂಡಿನ ಪಟ್ಟಿಯ ಜಾಗಕ್ಕೆ ಸ್ಟ್ರೀಮ್ ಪಟ್ಟಿ ಬರುತ್ತದೆ. ಪ್ರತಿ ಪೈಪಿಗೂ ಹರಿವು, ಒತ್ತಡ, ತಾಪಮಾನ, ಯಾವ ಗ್ಯಾಸ್ ಎಷ್ಟು. ಒಳಬಂದದ್ದೂ ಹೊರಹೋದದ್ದೂ ತಾಳೆಯಾಗಬೇಕು. ಸಾಮಾನ್ಯ ಒತ್ತಡದಲ್ಲಿ ಆಕ್ಸಿಜನ್ ಕುದಿಯುವುದು ಮೈನಸ್ 183ರಲ್ಲಿ, ನೈಟ್ರೋಜನ್ ಮೈನಸ್ 196ರಲ್ಲಿ. ಇಷ್ಟು ಕಿರಿದಾದ ಅಂತರದಲ್ಲಿ ಆಟವಾಡುವಾಗ ಒಂದು ಡಿಗ್ರಿ ತಪ್ಪಾಗಿ ಬಿದ್ದರೂ ಇಡೀ ಪಟ್ಟಿಯ ಮೇಲೆ ಅನುಮಾನ ಬರುತ್ತದೆ. ಗಾಳಿಯ ಜೊತೆ ಬರುವ ಹೈಡ್ರೋಕಾರ್ಬನ್ ದ್ರವ ಆಕ್ಸಿಜನ್ನಿನಲ್ಲಿ ಶೇಖರವಾದರೆ ಸ್ಫೋಟ. ಅದನ್ನು ಎಲ್ಲಿ ತೆಗೆಯುತ್ತೀರಿ ಅನ್ನುವುದನ್ನು 'ಮಾಮೂಲಿ ರೀತಿಯಲ್ಲಿ' ಅಂತ ಹಾರಿಸಬೇಡಿ.

ಅವಸರದವರಿಗೆ ಒಂದು ಮಾತು. 1895ರಲ್ಲಿ ಗಾಳಿ ದ್ರವೀಕರಿಸುವ ಯಂತ್ರಕ್ಕೆ ಇಂಗ್ಲೆಂಡಿನಲ್ಲಿ ಹ್ಯಾಂಪ್ಸನ್ ಅರ್ಜಿ ಹಾಕಿದ್ದು ಮೇ 23ಕ್ಕೆ, ಜರ್ಮನಿಯಲ್ಲಿ ಲಿಂಡೆ ಹಾಕಿದ್ದು ಜೂನ್ 5ಕ್ಕೆ. ಎರಡು ವಾರವೂ ಇಲ್ಲ. ದಿನಾಂಕ ಮುಖ್ಯ ನಿಜ, ಆದರೆ ಅದಕ್ಕೆ ಪ್ರೊವಿಷನಲ್, ಅಂದರೆ ತಾತ್ಕಾಲಿಕ ಸ್ಪೆಸಿಫಿಕೇಶನ್ ಇದೆ. ಮೊದಲು ಅದನ್ನು ಹಾಕಿ ದಿನಾಂಕ ಹಿಡಿದುಕೊಳ್ಳಿ, 12 ತಿಂಗಳೊಳಗೆ ಅಂಕಿಗಳೊಂದಿಗೆ ಪೂರ್ಣ ಸ್ಪೆಸಿಫಿಕೇಶನ್ ಕೊಡಿ. ತಪ್ಪಿದರೆ ಅರ್ಜಿ ಕೈಬಿಟ್ಟಂತೆ. ಪೂರ್ಣ ಸ್ಪೆಸಿಫಿಕೇಶನ್ ಹೋದ ಮೇಲೆ ಮಾತ್ರ "ಆಮೇಲೆ ಸೇರಿಸ್ತೀನಿ" ನಡೆಯುವುದಿಲ್ಲ. ಚೆನ್ನೈ ಗಿಂಡಿಯ ಪೇಟೆಂಟ್ ಕಚೇರಿಯಿಂದ 'ವಿವರಣೆ ಸಾಲದು' ಅಂತ ಪರೀಕ್ಷಾ ವರದಿ ಬಂದಾಗ, 59ನೇ ಕಲಂ ಪ್ರಕಾರ ಇದ್ದದ್ದನ್ನು ತಿದ್ದಬಹುದು, ಸ್ಪಷ್ಟ ಮಾಡಬಹುದು. ಇಲ್ಲದ್ದನ್ನು ಹೊಸದಾಗಿ ತುರುಕಲು ಬರುವುದಿಲ್ಲ. ಒರಿಫಿಸಿನ ಮಿಲಿಮೀಟರ್ ಅಂದು ಬರೆದಿಲ್ಲವೆಂದರೆ ಮುಗಿಯಿತು.

ಯಜಮಾನರು ಮೂರು ವಾರದ ಮೇಲೆ ಅವರಾಗಿಯೇ ಬಂದರು, ಕೈಯಲ್ಲಿ ಎಣ್ಣೆ ಹತ್ತಿದ ಲಾಗ್‌ಬುಕ್. ಎರಡು ವರ್ಷದ ಅಂಕಿ ಅದರಲ್ಲಿತ್ತು, ಸೋತ ಪ್ರಯೋಗಗಳೂ ಸೇರಿ. ಕರಡನ್ನು ಮೊದಲಿಂದ ಬರೆದು ಮತ್ತೆ ಫಿಟ್ಟರಣ್ಣನಿಗೆ ಕಳಿಸಿದೆವು. ಈ ಸಲ ಅವರು ಕೇಳಿದ್ದು ಎರಡೇ ಪ್ರಶ್ನೆ. ಒಂದು, ಚಿಕ್ಕ ವಾಲ್ವ್ ಕೆಟ್ಟು ತೆರೆಯದೇ ಹೋದರೆ ದೊಡ್ಡದು ತೆರೆಯಬೇಕೋ ಬೇಡವೋ. ಅದನ್ನು ನಾವಿಬ್ಬರೂ ಯೋಚಿಸಿರಲಿಲ್ಲ, ಹೊಸ ಪ್ಯಾರಾ ಒಂದು, ಹೊಸ ಕ್ಲೇಮ್ ಒಂದು ಅದರಿಂದಲೇ ಹುಟ್ಟಿತು. ಎರಡನೆಯದು, ಹನ್ನೊಂದನೇ ಪುಟದಲ್ಲಿ ಗ್ಯಾಸ್ಕೆಟ್ ಹತ್ತಿರ ಒಂದು 'ಸೂಟೆಬಲ್' ಉಳಿದಿದೆ, ಅದು ಬೇಕಂತಲೇ ಬಿಟ್ಟಿದ್ದೋ ಹೇಗೆ ಅಂತ.